ಶಾಸ್ತ್ರವೂ ಪಾಠಕ್ರಮವೂ

ಕಾಲೇಜಿನಲ್ಲಿ ಓದಿದ ನಮ್ಮ ಶ್ರೋತೃಗಳಲ್ಲಿ ಅನೇಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಗಣಿತದ ತರಗತಿಯನ್ನು ಹದಿನೈದು ದಿವಸ ತಪ್ಪಿಸಿಕೊಂಡ ವಿದ್ಯಾರ್ಥಿಯು ಮರಳಿ ಬಂದು ಕುಳಿತರೆ ಕಪ್ಪುಹಲಗೆಯ ಮೇಲಿರುವುದು ಯಾವುದೂ ಅವನಿಗೆ ಅರ್ಥವಾಗದು. ಚರಿತ್ರೆಯ ತರಗತಿಯನ್ನು ಅಷ್ಟೇ ದಿವಸ ತಪ್ಪಿಸಿಕೊಂಡವನಾದರೋ ಒಂದು ರಾಜವಂಶವನ್ನು ಕಳೆದುಕೊಂಡಿರುವನೇ ಹೊರತು, ಆ ದಿವಸದ ಪಾಠವನ್ನು ಕೇಳಿ ಸಂತೋಷಪಡುವುದಕ್ಕೆ ಅವನಿಗೆ ಅಡ್ಡಿಯೇನೂ ಇರುವುದಿಲ್ಲ. ಇದು ಅಧ್ಯಾಪಕರ ಗುಣದೋಷಗಳಿಂದ ಉಂಟಾದ ವ್ಯತ್ಯಾಸವಲ್ಲ. ಗಣಿತವು ಒಂದರ ಮೇಲೊಂದು ಕಟ್ಟಿದ ಮೆಟ್ಟಲುಗಳಂತಿರುವ ಶಾಸ್ತ್ರ. ಚರಿತ್ರೆಯು ಹಲವು ದಾರಿಗಳಿಂದ ಪ್ರವೇಶಿಸಬಹುದಾದ ಊರಿನಂತಿರುವ ಶಾಸ್ತ್ರ. ಪಾಠ ಹೇಳುವ ಪ್ರೊಫೆಸರು ಎಷ್ಟೇ ಸ್ವತಂತ್ರಬುದ್ಧಿಯವರಾಗಿದ್ದರೂ ತಮ್ಮ ಶಾಸ್ತ್ರದ ಈ ಮೈಕಟ್ಟನ್ನು ಅನುಸರಿಸಿಯೇ ನಡೆಯಬೇಕಾಗುವುದು.

ಬಿ.ಎ., ಬಿ.ಎಸ್‌ಸಿ. ತರಗತಿಗಳ ಪಾಠಕ್ರಮವನ್ನು ಗೊತ್ತುಮಾಡುವವರು ಯಾರೆಂದು ಕೇಳಿದರೆ, ಪ್ರೊಫೆಸರುಗಳೆಂದು ಕೆಲವರೂ, ವಿಶ್ವವಿದ್ಯಾನಿಲಯದ ಪಠ್ಯಸಮಿತಿಯೆಂದು ಕೆಲವರೂ, ಪರೀಕ್ಷೆಯೇ ಎಂದು ಅನುಭವಸ್ಥರೂ ಹೇಳುವರು. ಮೂರು ಉತ್ತರಗಳಲ್ಲಿಯೂ ಸತ್ಯಾಂಶವಿದೆ. ಆದರೆ ಅಮೆರಿಕಾ ದೇಶದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಜೋನ್ ಸ್ಟಾರ್ಕ್ ಮತ್ತು ಅವರ ಸಹೋದ್ಯೋಗಿಗಳು, ಕಾಲೇಜಿನ ಆರಂಭದ ತರಗತಿಗಳಿಗೆ ಪಾಠ ಹೇಳುವ ಬಹುಮಂದಿ ಅಧ್ಯಾಪಕರನ್ನು ವಿಚಾರಿಸಿ ೧೯೯೦ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬೇರೊಂದು ಉತ್ತರವು ದೊರೆಯುತ್ತದೆ. ಅಧ್ಯಾಪಕನು ತನ್ನ ಶಾಸ್ತ್ರವೆಂದರೆ ಏನೆಂದು ಭಾವಿಸಿರುವನೋ ಆ ಭಾವನೆಯೇ ಅವನ ಪಾಠಕ್ರಮದ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವವನ್ನು ಬೀರುವುದೆಂದು ಅವರು ಕಂಡರು. ಇದಕ್ಕೆ ಮೊದಲೇ, ೧೯೮೯ರಲ್ಲಿ, ಟೋನಿ ಬೆಚರ್ ಎಂಬ ಆಂಗ್ಲ ವಿದ್ವಾಂಸರು ಶಾಸ್ತ್ರಜ್ಞರನ್ನು ಒಂದೊಂದು ಬುಡಕಟ್ಟಿಗೆ ಹೋಲಿಸಿ ಗ್ರಂಥವೊಂದನ್ನು ಬರೆದಿದ್ದರು. ಪ್ರತಿಯೊಂದು ಬುಡಕಟ್ಟಿಗೂ ತನ್ನದೇ ಆದ ನೆಲ, ಭಾಷೆ, ಆಚಾರ, ಪೂರ್ವಿಕರ ಪೂಜೆ ಇರುವುದಂತೆ. ವಿದ್ವಾಂಸರನ್ನು ಕುರಿತು ಹೀಗೆ ಹೇಳುವುದು ಮೇಲ್ನೋಟಕ್ಕೆ ವಿನೋದವಾಗಿ ಕಂಡರೂ, ನಾಲ್ಕು ದಿನ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕುಳಿತವರು ಅದನ್ನು ಅಲ್ಲಗಳೆಯಲಾರರು.

ಈ ತತ್ತ್ವವನ್ನು ತರ್ಕದಿಂದ ಸಾಧಿಸುವುದಕ್ಕಿಂತ ಚರಿತ್ರೆಯಿಂದ ಕಂಡುಕೊಳ್ಳುವುದು ಮೇಲು. ಆದ್ದರಿಂದ ನಾವು ಕಪ್ಪೆಯಿಂದ ಪ್ರಾರಂಭಿಸೋಣ.

ಕಳೆದ ಶತಮಾನದಲ್ಲಿ ನಮ್ಮ ದೇಶದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಓದಿದವರೆಲ್ಲರೂ ಕಪ್ಪೆಯನ್ನು ಮೇಣದ ತಟ್ಟೆಯ ಮೇಲೆ ಗುಂಡುಸೂಜಿಗಳಿಂದ ಚುಚ್ಚಿ ಕೊಯ್ದವರೇ. ಪ್ರಪಂಚದಲ್ಲಿ ಲಕ್ಷಾಂತರ ಜೀವಜಾತಿಗಳಿರಲು ಈ ಬಡಪ್ರಾಣಿಗೆ ಮಾತ್ರ ಈ ಗತಿ ಏಕೆ ಬಂದಿತು? ಉತ್ತರಕ್ಕಾಗಿ ಲಂಡನ್ ನಗರಕ್ಕೆ ಹೋಗಬೇಕು. ಅಲ್ಲಿ ಥಾಮಸ್ ಹಕ್ಸ್ಲಿಯವರು ಅನೇಕ ವರ್ಷ ಜೀವಶಾಸ್ತ್ರವನ್ನು ಬೋಧಿಸುತ್ತಿದ್ದರೂ ವಿದ್ಯಾರ್ಥಿಗಳು ಕೈಯಾರೆ ಪರೀಕ್ಷಿಸುವುದಕ್ಕೆ ಬೇಕಾದ ಪ್ರಯೋಗಶಾಲೆ ಅವರಿಗಿರಲಿಲ್ಲ. ೧೮೭೨ರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ಹೊಸ ಕಟ್ಟಡದಲ್ಲಿ ಸ್ಥಳ ದೊರೆಯಿತು. ಅದಕ್ಕೆ ಹಿಂದಿನ ವರ್ಷವೇ ಅವರು ಶಾಲಾ ಉಪಾಧ್ಯಾಯರಿಗಾಗಿ ಬೇಸಗೆಯ ಪಾಠವೊಂದನ್ನು ನಡೆಸಿದ್ದರು. ಕೆಲವೇ ವಾರಗಳ ಅವಧಿಯಲ್ಲಿ ಇಡೀ ಜೀವಲೋಕವನ್ನು ತೋರಿಸುವುದೆಂತು? ಹಕ್ಸ್ಲಿಯವರು ಒಂದೊಂದು ವರ್ಗಕ್ಕೆ ಒಂದೊಂದು ಪ್ರತಿನಿಧಿಯನ್ನು ಆರಿಸಿದರು. ಹಿಟ್ಟನ್ನು ಹುದುಗಿಸುವ ಯೀಸ್ಟು, ಅಮೀಬ, ಬೂಷ್ಟು, ಜರೀಗಿಡ, ಅವರೆಯ ಜಾತಿಯ ಒಂದು ಗಿಡ, ಹೈಡ್ರ, ಸಿಹಿನೀರಿನ ಚಿಪ್ಪುಹುಳು, ಸೀಗಡಿಯನ್ನು ಹೋಲುವ ಕ್ರೇಫಿಷ್, ಕಡೆಗೆ ಕಪ್ಪೆ—ಇವನ್ನು ವಿದ್ಯಾರ್ಥಿಯು ತಾನೇ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದುಕೊಳ್ಳಬೇಕು. ಈ ಪಾಠಕ್ರಮವನ್ನು ಅವರು ಮಾರ್ಟಿನ್ ಎಂಬ ತಮ್ಮ ಶಿಷ್ಯನೊಡನೆ ೧೮೭೫ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಇಲ್ಲಿ ಶಾಸ್ತ್ರದ ಕೈವಾಡವನ್ನು ನೋಡಬೇಕು. ಹಕ್ಸ್ಲಿಯವರ ಕಾಲದ ಜೀವಶಾಸ್ತ್ರಕ್ಕೆ ಪ್ರಾಣವಾಗಿದ್ದುದು ಅಂಗರಚನೆಗಳ ತುಲನೆ. ಒಂದು ವರ್ಗದ ಪ್ರಾಣಿಗಳೆಲ್ಲವೂ ಒಂದೇ ನಕ್ಷೆಯ ಮೇಲೆ ಕಟ್ಟಲ್ಪಟ್ಟಿವೆಯೆಂದು ನಂಬಿದವರಿಗೆ ಮಾತ್ರ ಒಂದು ಕಪ್ಪೆಯು ಸಾವಿರ ಪ್ರಾಣಿಗಳ ಪರವಾಗಿ ನಿಲ್ಲಬಲ್ಲುದು. ಈ ನಂಬಿಕೆಯಿಂದ ಪಾಠವು ಅಚ್ಚುಕಟ್ಟಾಯಿತು. ಆದರೆ ಮಳೆಗಾಲದ ರಾತ್ರಿ ಕೆರೆಯ ದಂಡೆಯಲ್ಲಿ ಕೂಗುವ ಕಪ್ಪೆ, ಹುಳುಗಳನ್ನು ತಿನ್ನುವ ಕಪ್ಪೆ, ಹಾವಿಗೆ ಆಹಾರವಾಗುವ ಕಪ್ಪೆ ಪಾಠದಿಂದ ಹೊರಗುಳಿಯಿತು. ಪದವೀಧರನಿಗೆ ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿರುವುದು ತಿಳಿದಿತ್ತು, ತನ್ನ ಊರಿನ ಕೆರೆಯಲ್ಲಿ ಎಷ್ಟು ಬಗೆಯ ಕಪ್ಪೆಗಳಿರುವುವೆಂಬುದು ತಿಳಿದಿರಲಿಲ್ಲ.

ಪಾಠದ ಅನುಕ್ರಮದ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಮೊದಲನೆಯ ಮುದ್ರಣದಲ್ಲಿ ಯೀಸ್ಟಿನಿಂದ ಹೊರಟು ಕಪ್ಪೆಯಲ್ಲಿ ಮುಗಿಯುತ್ತಿದ್ದ ಪುಸ್ತಕವು ೧೮೮೮ರ ಪರಿಷ್ಕೃತ ಮುದ್ರಣದಲ್ಲಿ ಕಪ್ಪೆಯಿಂದಲೇ ಆರಂಭವಾಯಿತು. ಸರಳವಾದುದರಿಂದ ಜಟಿಲವಾದುದಕ್ಕೆ ಏರುವುದು ವಿಕಾಸವಾದಿಯಾದ ಶಾಸ್ತ್ರಜ್ಞನಿಗೆ ಸಹಜವಾದ ಕ್ರಮ. ಆದರೆ ಕಣ್ಣಿಗೆ ಕಾಣದ, ಹಿಂದೆಂದೂ ನೋಡದ ಜೀವಕಣಗಳಿಂದ ಪ್ರಾರಂಭಿಸಿದ ವಿದ್ಯಾರ್ಥಿಯು ದಿಕ್ಕು ತೋಚದೆ ನಿಲ್ಲುವನು. ಕೈ, ಕಾಲು, ಕಣ್ಣು, ಹೊಟ್ಟೆ ಇರುವ ಪ್ರಾಣಿಯಾದರೆ ತನ್ನ ಮೈಯ ತಿಳಿವಳಿಕೆಯೇ ಅವನಿಗೆ ದಾರಿಯನ್ನು ತೋರಿಸುವುದು. ಬೋಧನೆಯ ಅನುಭವವು ಹಕ್ಸ್ಲಿಯವರಂತಹ ಘಟಾನುಘಟಿಯ ಪಟ್ಟಿಯನ್ನೂ ತಲೆಕೆಳಗುಮಾಡಿತು. ಎರಡು ಕ್ರಮಗಳಲ್ಲಿ ನಮಗೆ ಎರಡನೆಯದೇ ಹೆಚ್ಚು ಮೆಚ್ಚುಗೆ.

ಈ ಪ್ರತಿನಿಧಿ ಪದ್ಧತಿಯು ಭರತಖಂಡಕ್ಕೆ ಬಂದಾಗ ತೊಡಕೊಂದು ಉಂಟಾಯಿತು. ಇಂಗ್ಲಿಷ್ ಪುಸ್ತಕಗಳು ವರ್ಣಿಸಿದ ಎರೆಹುಳುವು ಯೂರೋಪಿನ ಎರೆಹುಳು. ಇಲ್ಲಿಯ ವಿದ್ಯಾರ್ಥಿಯ ತಟ್ಟೆಯ ಮೇಲಿದ್ದುದು ಈ ನೆಲದ ಎರೆಹುಳು. ಪುಸ್ತಕದಲ್ಲಿ ಓದಿದ್ದು ತಟ್ಟೆಯಲ್ಲಿಲ್ಲ, ತಟ್ಟೆಯಲ್ಲಿ ಕಂಡದ್ದು ಪುಸ್ತಕದಲ್ಲಿಲ್ಲ. ಲಕ್ನೋ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಕೆ. ಎನ್. ಬಾಹ್ಲ್ ಅವರು ನಮ್ಮ ಫೆರೆಟೀಮ ಎಂಬ ಎರೆಹುಳುವನ್ನು ತಾವೇ ಶೋಧಿಸಿ, ಅದರ ವಿಸರ್ಜನಾಂಗಗಳ ರಚನೆಯೇ ಬೇರೆಯೆಂಬುದನ್ನು ೧೯೧೯ರಲ್ಲಿ ಪ್ರಕಟಿಸಿದರು. ೧೯೨೬ರಲ್ಲಿ ಆ ಹುಳುವನ್ನೇ ಕುರಿತು, ಭಾರತೀಯ ಪ್ರಾಣಿಗಳ ವಿಷಯವಾದ ಪ್ರಬಂಧಮಾಲೆಯ ಮೊದಲನೆಯ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗಿತ್ತರು. ಪರದೇಶದ ಶಾಸ್ತ್ರವು ಈ ಮಣ್ಣಿಗೆ ಇಳಿಯಬೇಕಾದರೆ ಇಂತಹ ದುಡಿಮೆ ಬೇಕಾಯಿತು. ಮುಂದೆ ೨೦೧೧ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರಾಣಿಗಳನ್ನು ಕೊಯ್ಯುವುದನ್ನು ಕ್ರಮವಾಗಿ ಕೈಬಿಡಬೇಕೆಂದು ಸೂಚಿಸಿತು. ೨೦೧೪ರಲ್ಲಿ ಅದನ್ನು ನಿಲ್ಲಿಸುವಂತೆಯೇ ತಿಳಿಸಿತು.

ಶಾಸ್ತ್ರವು ಪಾಠವನ್ನು ರೂಪಿಸುವುದೆಂದು ಇಷ್ಟು ಹೇಳಿದೆವು. ಪಾಠವೇ ಶಾಸ್ತ್ರವನ್ನು ರೂಪಿಸಿದ ಪ್ರಸಂಗವೂ ಉಂಟು. ಅದು ನಡೆದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಡಿಮಿಟ್ರಿ ಮೆಂಡಲೀಫ್ ಎಂಬ ಮೂವತ್ತುಮೂರು ವಯಸ್ಸಿನ ವಿದ್ವಾಂಸರು ೧೮೬೭ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪೀಠವನ್ನು ವಹಿಸಿಕೊಂಡರು. ವಿದ್ಯಾರ್ಥಿಗಳಿಗೆ ಕೊಡುವುದಕ್ಕೆ ರಷ್ಯನ್ ಭಾಷೆಯಲ್ಲಿ ಒಪ್ಪುವಂತಹ ಪುಸ್ತಕವಿರಲಿಲ್ಲವಾಗಿ ತಾವೇ ಒಂದನ್ನು ಬರೆಯಲು ತೊಡಗಿದರು. ನೀರು, ಗಾಳಿ, ಉಪ್ಪು ಮುಂತಾದ ಪರಿಚಿತ ವಸ್ತುಗಳಿಂದ ಹೊರಟು, ನಿಧಾನವಾಗಿ ವಿವರಿಸುತ್ತ, ಮೊದಲನೆಯ ಸಂಪುಟವನ್ನು ಮುಗಿಸಿದರು. ಮುಗಿಸಿ ನೋಡಿದರೆ, ಆಗ ಗೊತ್ತಿದ್ದ ಅರುವತ್ತುಮೂರು ಮೂಲವಸ್ತುಗಳಲ್ಲಿ ಎಂಟರ ವಿವರಣೆ ಮಾತ್ರ ಆಗಿತ್ತು! ಉಳಿದ ಐವತ್ತೈದು ಮೂಲವಸ್ತುಗಳು ಎರಡನೆಯ ಸಂಪುಟದಲ್ಲಿಯೇ ಅಡಕವಾಗಬೇಕು. ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳುತ್ತ ಹೋದರೆ ಪುಸ್ತಕವು ಎಂದಿಗೂ ಮುಗಿಯದು, ಓದುವವನ ತಲೆಯಲ್ಲಿಯೂ ನಿಲ್ಲದು. ಅವನ್ನು ಗುಂಪುಗೂಡಿಸುವ ಒಂದು ಸೂತ್ರವು ಬೇಕಾಯಿತು.

ಮೊದಲ ಸಂಪುಟದ ಕೊನೆಯಲ್ಲಿ ಕ್ಲೋರಿನ್ನಿನ ಬಳಗವು ಬಂದಿತ್ತು. ಎರಡನೆಯದರ ಮೊದಲಿಗೆ ಸೋಡಿಯಮ್ ಪೊಟ್ಯಾಸಿಯಮ್‌ಗಳ ಬಳಗವನ್ನು ಇರಿಸಿ, ಮುಂದೆ ಯಾವುದನ್ನಿಡಬೇಕೆಂದು ಚಿಂತಿಸುತ್ತ ಪರಮಾಣುಭಾರಗಳನ್ನು ಸಾಲಾಗಿ ಬರೆದು ನೋಡುವಾಗ, ಭಾರವು ಏರುತ್ತ ಹೋದಂತೆ ಗುಣಗಳು ನಿಯತಕಾಲಕ್ಕೆ ಮರಳಿ ಮರಳಿ ಬರುವುದು ಅವರಿಗೆ ಗೋಚರವಾಯಿತು. ೧೮೬೯ನೆಯ ಇಸವಿ ಮಾರ್ಚಿ ೧ರಂದು—ಆಗಿನ ರಷ್ಯನ್ ಪಂಚಾಂಗದಂತೆ ಫೆಬ್ರವರಿ ೧೭—ಸಿದ್ಧವಾದ ಆ ಕೋಷ್ಟಕವು ಇಂದು ಪ್ರತಿಯೊಂದು ಕಾಲೇಜಿನ ರಸಾಯನ ಪ್ರಯೋಗಶಾಲೆಯ ಗೋಡೆಯ ಮೇಲೆಯೂ ತೂಗುತ್ತಿದೆ. ಬಳಿಕ ಅವರು ಅದರಲ್ಲಿ ಖಾಲಿಯಿದ್ದ ಮನೆಗಳಿಗೆ ತಕ್ಕ ಮೂಲವಸ್ತುಗಳು ದೊರೆಯುವುವೆಂದು ಮುಂದಾಗಿ ತಿಳಿಸಿದರು. ಗ್ಯಾಲಿಯಮ್ ೧೮೭೫ರಲ್ಲಿಯೂ, ಸ್ಕ್ಯಾಂಡಿಯಮ್ ೧೮೭೯ರಲ್ಲಿಯೂ, ಜರ್ಮೇನಿಯಮ್ ೧೮೮೬ರಲ್ಲಿಯೂ ದೊರೆತುವು. ಮೆಂಡಲೀಫರಿಗಿಂತ ಮುಂಚೆಯೂ ಅವರ ಕಾಲದಲ್ಲಿಯೂ ಈ ಜಾಡಿನಲ್ಲಿ ನಡೆದವರು ಇತರರಿದ್ದರು, ನಿಜ. ಆದರೂ ತರಗತಿಯ ಹುಡುಗರಿಗೆ ಪಾಠವನ್ನು ಜೋಡಿಸಿ ಹೇಳಬೇಕೆಂಬ ಸಾಮಾನ್ಯವಾದ ಕಷ್ಟದಿಂದ ಇಂತಹ ಅಸಾಮಾನ್ಯವಾದ ಫಲವು ಹುಟ್ಟಿದುದು ಅಧ್ಯಾಪಕ ವೃತ್ತಿಗೆ ಗೌರವವನ್ನು ತರುವ ಸಂಗತಿ. ಗಣಿತದಲ್ಲಿಯೂ ಇಂತಹುದೇ ಒಂದು ನಿದರ್ಶನವಿದೆ. ೧೮೫೮ರಲ್ಲಿ ಜೂರಿಕ್ ನಗರದಲ್ಲಿ ಕಲನಶಾಸ್ತ್ರವನ್ನು ಬೋಧಿಸುತ್ತಿದ್ದ ಡೆಡೆಕಿಂಡ್ ಎಂಬ ಜರ್ಮನ್ ಗಣಿತಜ್ಞರಿಗೆ, ತಾವು ಹೇಳುವ ಪಾಠಕ್ಕೆ ಗಟ್ಟಿಯಾದ ತಳಹದಿಯಿಲ್ಲವೆಂಬ ಅತೃಪ್ತಿಯು ಹುಟ್ಟಿತು. ಅದರಿಂದ ವಾಸ್ತವ ಸಂಖ್ಯೆಗಳ ಹೊಸ ಸಿದ್ಧಾಂತವೊಂದು ದೊರೆತು ೧೮೭೨ರಲ್ಲಿ ಪ್ರಕಟವಾಯಿತು.

ಗಣಿತದ ಮಾತು ಬಂದಿತಾದ್ದರಿಂದ, ಪಾಠಕ್ರಮವು ಒಬ್ಬ ಮನುಷ್ಯನ ಬಾಳನ್ನು ಎಷ್ಟರಮಟ್ಟಿಗೆ ಕಟ್ಟಬಲ್ಲುದು, ಕೆಡಿಸಬಲ್ಲುದು ಎಂಬುದಕ್ಕೆ ನಮ್ಮ ನೆರೆಯ ನಾಡಿನ ಒಂದು ಕಥೆಯನ್ನು ನೆನೆಯಬೇಕು. ಕೇಂಬ್ರಿಡ್ಜಿನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಹೆಸರುಗಳನ್ನು ೧೯೦೯ರವರೆಗೂ ಯೋಗ್ಯತೆಯ ಕ್ರಮದಲ್ಲಿ ಪ್ರಕಟಿಸುತ್ತಿದ್ದರು. ಮೊದಲನೆಯವನಾಗಿ ತೇರ್ಗಡೆಯಾದವನು ದೇಶಕ್ಕೆಲ್ಲ ಪ್ರಸಿದ್ಧನಾಗುತ್ತಿದ್ದನು. ಆದ್ದರಿಂದ ಹುಡುಗರು ಪ್ರೊಫೆಸರುಗಳ ಉಪನ್ಯಾಸಗಳನ್ನು ಬಿಟ್ಟು, ಹಣ ಕೊಟ್ಟು, ಖಾಸಗಿ ಉಪಾಧ್ಯಾಯರ ಬಳಿ ಲೆಕ್ಕಗಳನ್ನು ಚುರುಕಾಗಿ ಬಿಡಿಸುವುದನ್ನು ಕಲಿಯುತ್ತಿದ್ದರು. ಅಂತಹ ಪಾಠ ಹೇಳುತ್ತಿದ್ದವರಲ್ಲಿ ಜಿ. ಎಸ್. ಕಾರ್ ಎಂಬವರು ಒಬ್ಬರು. ಸುಮಾರು ಐದು ಸಾವಿರ ಪ್ರಮೇಯಗಳನ್ನೂ ಸೂತ್ರಗಳನ್ನೂ ಒಟ್ಟುಗೂಡಿಸಿ, ಉಪಪತ್ತಿಗಳನ್ನು ಬಹಳ ಮಟ್ಟಿಗೆ ಬಿಟ್ಟು, ಅವರು ೧೮೮೦ರ ದಶಕದಲ್ಲಿ ಅಚ್ಚುಹಾಕಿಸಿದ ಸಂಗ್ರಹವು ಪರೀಕ್ಷೆಯ ಸಿದ್ಧತೆಗೆಂದೇ ಮಾಡಿದುದು. ಈ ಪುಸ್ತಕವು ಎಲ್ಲಿಂದಲೋ ತೇಲಿ ಬಂದು, ಸುಮಾರು ೧೯೦೩ರಲ್ಲಿ ಕುಂಭಕೋಣದ ಒಬ್ಬ ಬಾಲಕನ ಕೈಸೇರಿತು. ಆ ಬಾಲಕನು ಶ್ರೀನಿವಾಸ ರಾಮಾನುಜನ್. ಪುಸ್ತಕವು ಬಿಟ್ಟಿದ್ದ ಉಪಪತ್ತಿಗಳನ್ನು ತಾನೇ ಕಂಡುಹಿಡಿಯುತ್ತ ಅವನು ಗಣಿತಜ್ಞನಾದನು. ಅದರಂತೆಯೇ ಫಲಿತಾಂಶಗಳನ್ನು ಮಾತ್ರ ಬರೆದು, ಉಪಪತ್ತಿಯನ್ನು ಬರೆಯದೆ ಬಿಡುವುದೂ ಅವನ ಟಿಪ್ಪಣಿ ಪುಸ್ತಕಗಳ ಪದ್ಧತಿಯಾಯಿತು.

ಇದು ಒಂದು ಮುಖ. ಮತ್ತೊಂದು ಮುಖವು ಅಷ್ಟು ಹರ್ಷದಾಯಕವಲ್ಲ. ಅಂದಿನ ಮದರಾಸು ವಿಶ್ವವಿದ್ಯಾನಿಲಯದ ಎಫ್.ಎ. ಪರೀಕ್ಷೆಯಲ್ಲಿ ಇಂಗ್ಲಿಷು, ಗಣಿತ, ಸಂಸ್ಕೃತ, ಗ್ರೀಸ್ ಮತ್ತು ರೋಮ್ ದೇಶಗಳ ಚರಿತ್ರೆ, ಶರೀರಶಾಸ್ತ್ರ ಎಲ್ಲವೂ ಕಡ್ಡಾಯ. ರಾಮಾನುಜನ್ ಗಣಿತವನ್ನುಳಿದು ಬೇರೆಯವುಗಳಲ್ಲಿ ಮನಸ್ಸಿಡಲಾರದೆ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು; ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿಯೂ ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಶರೀರಶಾಸ್ತ್ರವು ಅವರಿಗೆ ಕಂಟಕವಾದ ವಿಷಯಗಳಲ್ಲೊಂದು. ೧೯೧೩ರಲ್ಲಿ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಅವರು ಕಾಗದ ಬರೆದಾಗ ಅವರ ಹೆಸರಿನ ಮುಂದೆ ಯಾವ ಪದವಿಯೂ ಇರಲಿಲ್ಲ. ಹಾರ್ಡಿಯವರಾದರೋ ಆ ಹಳೆಯ ಟ್ರೈಪಾಸ್ ಪದ್ಧತಿಯ ಕಡುವಿರೋಧಿಗಳು. ಯೂರೋಪು ಖಂಡದ ಗಣಿತಜ್ಞರ ಉಪಪತ್ತಿನಿಷ್ಠೆಯನ್ನು ಇಂಗ್ಲೆಂಡಿನ ಮೊದಲ ವರ್ಷದ ವಿದ್ಯಾರ್ಥಿಗೂ ಕಲಿಸಬೇಕೆಂದು ೧೯೦೮ರಲ್ಲಿ ಶುದ್ಧಗಣಿತದ ಪಠ್ಯಪುಸ್ತಕವನ್ನು ಬರೆದವರು. ಹೀಗೆ ಒಂದೇ ಕೇಂಬ್ರಿಡ್ಜಿನ ಹಳೆಯ ಪಾಠಕ್ರಮದ ಪುಸ್ತಕದಿಂದ ಬೆಳೆದ ಶಿಷ್ಯನೂ, ಹೊಸ ಪಾಠಕ್ರಮವನ್ನು ಸ್ಥಾಪಿಸಿದ ಗುರುವೂ ೧೯೧೪ರಲ್ಲಿ ಎದುರುಬದುರು ಕುಳಿತುದು ಚರಿತ್ರೆಯ ಒಂದು ವಿಲಾಸ.

ಚರಿತ್ರೆಯ ಪಾಠದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬರ್ಲಿನ್ನಿನಲ್ಲಿ ರಾಂಕೆಯವರು ಶಿಷ್ಯರನ್ನು ಮೇಜಿನ ಸುತ್ತಲೂ ಕೂರಿಸಿಕೊಂಡು ಮೂಲದಾಖಲೆಗಳನ್ನು ಶೋಧಿಸುವುದನ್ನು ಕಲಿಸಿದ ಮೇಲೆ, ಚರಿತ್ರೆಯು ಕಥಾಶ್ರವಣವಾಗಿ ಉಳಿಯಲಿಲ್ಲ. ಆಕ್ಸ್‌ಫರ್ಡಿನ ಸ್ಟಬ್ಸ್ ಅವರು ೧೮೭೦ರಲ್ಲಿ ಇಂಗ್ಲೆಂಡಿನ ಹಳೆಯ ಶಾಸನಪತ್ರಗಳನ್ನು ಆಯ್ದು ಅಚ್ಚುಹಾಕಿಸಲು, ಅಲ್ಲಿಯ ಪದವಿ ತರಗತಿಯ ಹುಡುಗನೂ ಪತ್ರಗಳನ್ನೇ ಓದಬೇಕಾಯಿತು. ನಮ್ಮ ಕಾಲೇಜುಗಳಿಗೆ ಪಟ್ಟಿಯಲ್ಲಿ ರಾಜರ ಹೆಸರುಗಳು ಬೇಗನೆ ಬಂದುವು. ದಾಖಲೆಗಳು ಬಹಳ ನಿಧಾನವಾಗಿ ಬಂದುವು.

ಅದಕ್ಕೆ ಕಾರಣವುಂಟು. ೧೮೫೭ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದುವು. ಕಲಿಸುವವರು ಒಂದೆಡೆ, ಏನನ್ನು ಕಲಿಸಬೇಕೆಂದು ಗೊತ್ತುಮಾಡುವವರು ಇನ್ನೊಂದೆಡೆ. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸಿಗೆ ಅಧೀನವಾಗಿದ್ದಷ್ಟು ಕಾಲ ಇಲ್ಲಿಯ ಪ್ರೊಫೆಸರಿಗೆ ತನ್ನ ಶಾಸ್ತ್ರವನ್ನು ಕುರಿತು ಸ್ವಂತ ದೃಷ್ಟಿಯಿದ್ದರೂ ಅದನ್ನು ಪಾಠಪಟ್ಟಿಯಲ್ಲಿ ಇಳಿಸುವ ಅಧಿಕಾರವಿರಲಿಲ್ಲ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ದೊರೆತ ಲಾಭಗಳಲ್ಲಿ ಇದನ್ನು ನಾವು ದೊಡ್ಡದೆಂದು ಎಣಿಸುತ್ತೇವೆ.

ಆ ಲಾಭವು ಹೇಗೆ ಫಲಿಸಿತೆಂಬುದಕ್ಕೆ ಪ್ರೊಫೆಸರ್ ಎಂ. ಹಿರಿಯಣ್ಣನವರ ಗ್ರಂಥವನ್ನು ನೋಡಬಹುದು. ಭಾರತೀಯ ದರ್ಶನಗಳನ್ನು ಕಲಿಯುವುದಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಒಂದು ಕ್ರಮವಿದ್ದಿತು. ಪಾಠಶಾಲೆಯ ವಿದ್ಯಾರ್ಥಿಯು ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದಿಂದ ಆರಂಭಿಸುವನು. ದ್ರವ್ಯ, ಗುಣ, ಕರ್ಮ ಮೊದಲಾಗಿ ಅಭಾವದವರೆಗೆ ಏಳು ಪದಾರ್ಥಗಳನ್ನು ಲಕ್ಷಣಸಹಿತವಾಗಿ ಕಂಠಪಾಠ ಮಾಡುವನು. ಬಳಿಕ ಅದೇ ಗ್ರಂಥಕರ್ತನ ದೀಪಿಕೆ, ಅದರ ಮೇಲೆ ಮುಕ್ತಾವಳಿ, ಹೀಗೆ ಒಂದರಿಂದೊಂದಕ್ಕೆ ಏರುವನು. ಇದು ಗಣಿತದ ಪಾಠವನ್ನು ಹೋಲುವ ಮೆಟ್ಟಲಿನ ಕ್ರಮ. ಇದರಲ್ಲಿ ಪಳಗಿದವನು ನೈಯಾಯಿಕನಂತೆ ವಾದಿಸಬಲ್ಲನು. ಆದರೆ ನ್ಯಾಯದರ್ಶನವು ಯಾವಾಗ, ಯಾರಿಗೆ ಉತ್ತರವಾಗಿ ಹುಟ್ಟಿತೆಂಬ ಪ್ರಶ್ನೆಯನ್ನು ಅವನು ಕೇಳುವುದೇ ಇಲ್ಲ. ವಿಶ್ವವಿದ್ಯಾನಿಲಯದ ತರಗತಿಗೆ ಬಂದಾಗ ಅದೇ ದರ್ಶನಗಳು ಚರಿತ್ರೆಯ ಉಡುಗೆಯನ್ನು ತೊಟ್ಟುವು. ಹಿರಿಯಣ್ಣನವರು ಮೈಸೂರಿನಲ್ಲಿ ಅನೇಕ ವರ್ಷ ಮಾಡಿದ ಉಪನ್ಯಾಸಗಳ ಆಧಾರದ ಮೇಲೆ ರಚಿಸಿ ೧೯೩೨ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳಲ್ಲಿ ವೇದಕಾಲ, ಅದರ ಮುಂದಿನ ಕಾಲ, ದರ್ಶನಗಳ ಕಾಲ ಎಂದು ಮೂರು ಭಾಗಗಳಿವೆ.

ಈ ಕ್ರಮದಿಂದ ವಿದ್ಯಾರ್ಥಿಗೆ ಒಂದು ವಿಶಾಲವಾದ ನೋಟವು ದೊರೆಯಿತು, ಬೌದ್ಧರೂ ಜೈನರೂ ಪೂರ್ವಪಕ್ಷವಾಗಿ ಮಾತ್ರ ಬಂದು ಹೋಗದೆ ತಮ್ಮ ಮನೆಯಲ್ಲಿಯೇ ಕಾಣಿಸಿಕೊಂಡರು. ನಷ್ಟವೂ ಆಯಿತು. ಎಲ್ಲ ದರ್ಶನಗಳ ಹೆಸರುಗಳನ್ನು ಬಲ್ಲ, ಒಂದರಲ್ಲಿಯೂ ವಾದವನ್ನು ಕಡೆಮುಟ್ಟಿಸಲಾರದ ಪದವೀಧರರು ಬಹುಮಂದಿ ಹೊರಬಂದರು. ಹಿರಿಯಣ್ಣನವರು ಈ ಅಪಾಯವನ್ನು ಬಲ್ಲವರು. ಪ್ರತಿಯೊಂದು ದರ್ಶನವನ್ನು ಹೇಳುವಾಗಲೂ ಅದರ ಪ್ರಮಾಣವಿಚಾರ, ಪ್ರಮೇಯವಿಚಾರಗಳನ್ನು ಬೇರೆ ಬೇರೆಯಾಗಿ ತೂಗಿ, ಕೊನೆಗೆ ಅದು ಬಾಳುವ ರೀತಿಯ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಮರೆಯದೆ ನಿರೂಪಿಸಿದ್ದಾರೆ. ಸಂಸ್ಕೃತದ ಅಧ್ಯಾಪಕರಾದುದರಿಂದಲೇ ಅವರಿಗೆ ಗ್ರಂಥಗಳ ಈ ನಿಕಟ ಪರಿಚಯವು ಸಾಧ್ಯವಾಯಿತೆಂದು ನಮ್ಮ ಎಣಿಕೆ.

ಕನ್ನಡದ ಸಂಗತಿಯು ಇದಕ್ಕಿಂತ ವಿಚಿತ್ರವಾದುದು. ೧೯೨೭ರಲ್ಲಿ ಮೈಸೂರಿನಲ್ಲಿ ಕನ್ನಡದ ಎಂ.ಎ. ತರಗತಿಯು ತೆರೆದಾಗ ಕುವೆಂಪು ಅವರು ಅದರ ವಿದ್ಯಾರ್ಥಿಗಳು, ಟಿ. ಎಸ್. ವೆಂಕಣ್ಣಯ್ಯನವರು ಅಧ್ಯಾಪಕರು. ಸಾವಿರ ವರ್ಷಗಳ ಸಾಹಿತ್ಯವಿದ್ದಿತು. ಅದನ್ನು ತರಗತಿಯಲ್ಲಿ ಹೇಳುವ ಶಾಸ್ತ್ರವು ಇನ್ನೂ ಕಟ್ಟಾಗಬೇಕಾಗಿತ್ತು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಸಂಪುಟಗಳು ೧೯೦೭ರಿಂದ ೧೯೨೯ರವರೆಗೆ ಹೊರಬಂದು ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿದುವು. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಒಂದೆಡೆ ಸೇರಿಸಿ ವಿದ್ಯಾರ್ಥಿಗಳಿಗೆ ಒದಗಿಸುವುದಕ್ಕಾಗಿ ಹಲವು ವಿದ್ವಾಂಸರು ಕೂಡಿ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸಿದರು. ಮೆಂಡಲೀಫರಿಗೆ ಬಂದಂತಹ ಪ್ರಶ್ನೆಯೇ ಇವರಿಗೂ ಬಂದಿತು: ಇಷ್ಟು ಕವಿಗಳನ್ನು ಯಾವ ಗುಂಪುಗಳಲ್ಲಿ ಇಡುವುದು? ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗವೆಂದು ಕವಿಗಳ ಮತವನ್ನು ಹಿಡಿದು ವಿಂಗಡಿಸುವ ಪದ್ಧತಿಯು ಬಹುಕಾಲ ತರಗತಿಗಳಲ್ಲಿ ನಡೆಯಿತು. ರಂ. ಶ್ರೀ. ಮುಗಳಿಯವರು ೧೯೫೩ರಲ್ಲಿ ಪ್ರಕಟಿಸಿದ ಸಾಹಿತ್ಯಚರಿತ್ರೆಯಲ್ಲಿ ಅದನ್ನು ಬಿಟ್ಟು, ಪಂಪಯುಗ, ಬಸವಯುಗ, ಕುಮಾರವ್ಯಾಸಯುಗವೆಂದು ವ್ಯಕ್ತಿಗಳ ಹೆಸರಿನಿಂದ ಕಾಲವನ್ನು ಕರೆದರು. ಮೊದಲನೆಯ ಪಟ್ಟಿಯಂತೆ ಪಾಠ ಹೇಳುವವರಿಗೆ ಪಂಪನು ಮುಖ್ಯವಾಗಿ ಆದಿಪುರಾಣದ ಕರ್ತೃ. ಎರಡನೆಯದರಂತೆ ಹೇಳುವವರು ಅವನ ಭಾರತವನ್ನು ಮುಂದಿಟ್ಟುಕೊಂಡು, ಮುಂದೆ ಬಂದ ಕವಿಗಳು ಅವನಿಂದ ಏನನ್ನು ಪಡೆದರೆಂಬುದನ್ನು ವಿಚಾರಿಸಲು ತೊಡಗುವರು. ಯಾವ ಕಾವ್ಯದ ಯಾವ ಆಶ್ವಾಸವು ಬಿ.ಎ. ತರಗತಿಯ ಹುಡುಗನ ಕೈಗೆ ಬರುವುದೆಂಬುದು ಈ ವಿಂಗಡಣೆಯ ಮೇಲೆ ನಿಂತಿರುತ್ತದೆ.